ದಾಖಲಾತಿಗಿಂತ ದೊಡ್ಡದು ಸ್ವಾಗತ

ಶಾಲೆ ಆರಂಭವಾಗುವ ದಿನಗಳೆಂದರೆ ನಮ್ಮ ಮನೆಗಳಲ್ಲಿ ಹೊಸ ಪುಸ್ತಕ, ಹೊಸ ಸಮವಸ್ತ್ರಗಳ ಸಂಭ್ರಮ. ಅದೇ ದಿನಗಳಲ್ಲಿ ಅಳುಕುತ್ತಾ ಶಾಲೆಯ ಮೆಟ್ಟಿಲೇರುವ ಮಕ್ಕಳೂ ಇದ್ದಾರೆ. ಇಟ್ಟಿಗೆ ಭಟ್ಟಿಗೋ ಕಟ್ಟಡದ ಕೆಲಸಕ್ಕೋ ವಲಸೆ ಹೊರಟ ಹೆತ್ತವರೊಡನೆ ಹೋಗಿ ಓದು ಬಿಟ್ಟವರು, ಟೆಂಟ್ ಶಾಲೆಯಲ್ಲೋ ವಿಶೇಷ ತರಬೇತಿ ಕೇಂದ್ರದಲ್ಲೋ ಅಕ್ಷರ ಕಲಿತು ಈಗ ಮರಳುತ್ತಿರುವವರು ಇವರು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇವರ ಪರವಾಗಿದೆ. ಅದರ 4ನೇ ಸೆಕ್ಷನ್ ಪ್ರಕಾರ ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಹನ್ನೊಂದರ ಹುಡುಗಿಯನ್ನು ಒಂದನೇ ತರಗತಿಯ ಪುಟಾಣಿಗಳ ನಡುವೆ ಕೂರಿಸಿದರೆ ನಾಚಿಕೆಯೇ ಅವಳನ್ನು ಮತ್ತೆ ಹೊರಗಟ್ಟುತ್ತದೆ. ತಪ್ಪಿದ ಪಾಠಗಳಿಗಾಗಿ ವಿಶೇಷ ತರಬೇತಿಯಿದೆ. ಕೇಂದ್ರದ ಮಾದರಿ ನಿಯಮಗಳಂತೆ ಅದರ ಅವಧಿ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ಹೀಗೆ ಸೇರಿದ ಮಗುವಿಗೆ 14 ವರ್ಷ ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ವರ್ಗಾವಣೆ ಪತ್ರ ತಡವಾಯಿತೆಂದೋ ವಯಸ್ಸಿನ ದಾಖಲೆಯಿಲ್ಲವೆಂದೋ ಪ್ರವೇಶ ನಿರಾಕರಿಸುವಂತಿಲ್ಲ.

ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದರೆ ನಾವಾಗಿಯೇ ಬಾಗಿಲು ತೆರೆಯಲು ಯಾವ ತೀರ್ಪು ಅಡ್ಡಿಯಾದೀತು?

ಹೆಸರು ಹಾಜರಿ ಪುಸ್ತಕಕ್ಕೆ ಏರಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೇಂದ್ರದಲ್ಲಿ ಕೆಲವೇ ಮಕ್ಕಳು, ಪಕ್ಕದಲ್ಲೇ ಕುಳಿತು ಕಲಿಸುವ ಅಕ್ಕ. ಇಲ್ಲಿ ಗಂಟೆ, ಪರೀಕ್ಷೆ, ತುಂಬಿದ ತರಗತಿ. ಈ ಅಂತರವನ್ನು ತುಂಬುವುದು ಹೇಗೆ?

ಮೊದಲನೆಯದಾಗಿ, ಸೇರುವ ಮುನ್ನವೇ ಮಗುವನ್ನು ಕರೆತಂದು ಕೊಠಡಿ, ಶೌಚಾಲಯ, ಬಿಸಿಯೂಟದ ಜಾಗ ತೋರಿಸಿ. ಎರಡನೆಯದಾಗಿ, ಮಗು ಏನನ್ನು ಓದಬಲ್ಲದು, ಯಾವ ಲೆಕ್ಕ ಮಾಡಬಲ್ಲದು ಎಂಬುದನ್ನು ಕೇಂದ್ರದವರು ತರಗತಿ ಶಿಕ್ಷಕರಿಗೆ ಬರೆದು ಕೊಡಲಿ. ಮೂರನೆಯದಾಗಿ, ಅದೇ ಬೀದಿಯ ಒಬ್ಬ ಗೆಳೆಯನ ಪಕ್ಕದಲ್ಲಿ ಕೂರಿಸಿ. 'ಟೆಂಟಿನವನು' ಎಂಬ ಅಡ್ಡಹೆಸರು ಶಿಕ್ಷಕರ ಬಾಯಲ್ಲಂತೂ ಬಾರದಿರಲಿ. ನಾಲ್ಕನೆಯದಾಗಿ, ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಮನೆಗೆ ಹೋಗಿ ವಿಚಾರಿಸಿ. ಸುಗ್ಗಿಗೆ ಹೆತ್ತವರು ಮತ್ತೆ ಹೊರಡುವುದಾದರೆ ಮಗು ಅಜ್ಜಿಯ ಮನೆಯಲ್ಲೋ ವಿದ್ಯಾರ್ಥಿನಿಲಯದಲ್ಲೋ ಉಳಿಯಬಹುದೇ ಎಂದು ಮೊದಲೇ ಮಾತನಾಡಿ.

ಒಮ್ಮೆ ಶಾಲೆ ಬಿಟ್ಟ ಮಗು ಮರಳಿ ಬರುವುದೇ ಕಷ್ಟ. ಎರಡನೆಯ ಸಲ ಬಿಟ್ಟರೆ ಶಾಲೆ ತನಗಲ್ಲವೆಂದು ಅದು ನಂಬಿಬಿಡುತ್ತದೆ. ನಿಮ್ಮ ಬೀದಿಯಲ್ಲಿ ಅಂಥ ಮಗುವಿದ್ದರೆ, ನಿಮ್ಮ ಮಗನ ಜೊತೆ ಅದನ್ನೂ ನಾಳೆ ಶಾಲೆಗೆ ಕರೆದೊಯ್ಯುವಿರಾ?