ಅಗ್ನ್ಯಪಾಯ ಪರಿಶೀಲನೆ: ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯ ನಿದರ್ಶನ

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಟವನ ಗಾದೆಯು ನಮ್ಮಲ್ಲಿ ಎಲ್ಲರಿಗೂ ತಿಳಿದುದೇ ಆಗಿದೆ. ಬಾವಿಯನ್ನು ಮೊದಲೇ ತೋಡಿಡಬೇಕೆಂಬುದು ಅದರ ನೀತಿ. ಆದರೆ ಆ ಬಾವಿಯನ್ನು ತೋಡತಕ್ಕವರಾರು, ಎಲ್ಲಿ ತೋಡತಕ್ಕದ್ದು, ಅದರಲ್ಲಿ ನೀರು ನಿಂತಿದೆಯೇ ಎಂದು ಆಗಾಗ್ಗೆ ಬಗ್ಗಿ ನೋಡತಕ್ಕವರಾರು ಎಂಬ ಪ್ರಶ್ನೆಗಳಿಗೆ ಗಾದೆಯು ಉತ್ತರ ಕೊಡುವುದಿಲ್ಲ. ಇಂಗ್ಲೆಂಡಿನ ಶಾಸನಕಾರರು ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಬಹುಕಾಲ ಕಳೆದಿರುವರು. ಅಲ್ಲಿ ಇಂದು ಮನೆಗಳನ್ನು ಬಾಡಿಗೆಗೆ ಕೊಡುವವರೂ ಅಂಗಡಿ, ಹೋಟೆಲು, ಕಾರ್ಖಾನೆಗಳನ್ನು ನಡೆಸುವವರೂ ಕಡ್ಡಾಯವಾಗಿ ಮಾಡಿಸಬೇಕಾದ ಅಗ್ನ್ಯಪಾಯ ಪರಿಶೀಲನೆಯು ಆ ಹುಡುಕಾಟದ ಫಲವಾಗಿದೆ. ಅದು ಹೇಗೆ ಹುಟ್ಟಿತು, ಅದರಲ್ಲಿ ಏನು ಅಡಗಿದೆ, ಅದರ ಪಾರಿಭಾಷಿಕ ಶಬ್ದಗಳ ತಾತ್ಪರ್ಯವೇನು ಎಂಬುದನ್ನು ಒಂದು ಕೌಂಟಿಯ ನಿದರ್ಶನದಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ನಿದರ್ಶನಕ್ಕಾಗಿ ಎಸೆಕ್ಸ್ ಕೌಂಟಿಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಲಂಡನ್ನಿನ ಈಶಾನ್ಯಕ್ಕೆ ಹಬ್ಬಿರುವ ಈ ಪ್ರಾಂತವು ಬೆಂಕಿಯ ಚರಿತ್ರೆಯನ್ನು ತನ್ನ ಮಣ್ಣಿನಲ್ಲಿಯೇ ಇಟ್ಟುಕೊಂಡಿದೆ. ಕ್ರಿಸ್ತಶಕ ೬೦ ಅಥವಾ ೬೧ರಲ್ಲಿ ಬೌಡಿಕಾ ರಾಣಿಯ ಪಡೆಯು ರೋಮನರ ಕಾಲ್ಚೆಸ್ಟರ್ ನಗರವನ್ನು ಸುಟ್ಟಿತು. ಆ ಊರಿನಲ್ಲಿ ನೆಲವನ್ನು ಅಗೆದಾಗ ಸುಟ್ಟ ಜೇಡಿಮಣ್ಣಿನ ಕೆಂಪು ಪದರವು ಇಂದಿಗೂ ಪ್ರಾಕ್ತನಶಾಸ್ತ್ರಜ್ಞರಿಗೆ ಸಿಕ್ಕುವುದು. ಕ್ರೆಸಿಂಗ್ ಟೆಂಪಲ್ಲಿನಲ್ಲಿ ೧೩ನೆಯ ಶತಮಾನದ ಮರದ ಕಣಜಗಳಿವೆ. ಹಳೆಯ ಪೇಟೆಗಳಲ್ಲಿ ಮರದ ಚೌಕಟ್ಟಿನ ಮನೆಗಳು ಸಾಲಾಗಿ ನಿಂತಿವೆ. ಸೌತೆಂಡ್, ಕ್ಲ್ಯಾಕ್ಟನ್ ಮೊದಲಾದ ಕಡಲತೀರದ ಊರುಗಳಲ್ಲಿ ವಸತಿಗೃಹಗಳಿವೆ. ಎರಡನೆಯ ಮಹಾಯುದ್ಧದ ತರುವಾಯ ಕಟ್ಟಿದ ಹಾರ್ಲೋ ನಗರದಲ್ಲಿ, ಬ್ರಿಟನ್ನಿನ ಮೊದಲ ವಸತಿಗೋಪುರವೆಂದು ಹೆಸರಾದ ಹತ್ತು ಅಂತಸ್ತಿನ 'ದಿ ಲಾನ್' ಎಂಬ ಕಟ್ಟಡವು ೧೯೫೧ರಿಂದ ನಿಂತಿದೆ. ಹೀಗೆ ಬಗೆಬಗೆಯ ಕಟ್ಟಡಗಳು ಒಂದೇ ಕಡೆ ಸೇರಿರುವುದರಿಂದ, ಒಂದೇ ನಿಯಮವನ್ನು ಅವುಗಳಿಗೆಲ್ಲ ಹೇಗೆ ಅನ್ವಯಿಸುವರೆಂಬುದು ಇಲ್ಲಿ ಸ್ಪಷ್ಟವಾಗುವುದು.

ಇದಕ್ಕಿಂತ ಮುಖ್ಯವಾದ ಕಾರಣವು ಇನ್ನೊಂದು. ಹಿಂದೆ ಕೇಸರಿಯ ಬೆಳೆಯಿಂದ ಹೆಸರನ್ನು ಪಡೆದ ಸ್ಯಾಫ್ರನ್ ವಾಲ್ಡನ್ ಎಂಬ ಊರು ಈ ಕೌಂಟಿಯ ವಾಯವ್ಯದಲ್ಲಿದೆ. ೧೯೬೯ನೆಯ ಡಿಸೆಂಬರ್ ೨೬ರಂದು, ಕ್ರಿಸ್‌ಮಸ್ ಹಬ್ಬದ ಮರುದಿನ ಬೆಳಗಾಗುವುದಕ್ಕೆ ಮೊದಲೇ, ಅಲ್ಲಿಯ 'ರೋಸ್ ಅಂಡ್ ಕ್ರೌನ್' ಎಂಬ ಹಳೆಯ ಹೋಟೆಲಿಗೆ ಬೆಂಕಿ ಹತ್ತಿತು. ಹಬ್ಬಕ್ಕೆಂದು ಬಂದು ತಂಗಿದ್ದವರು ನಿದ್ರೆಯಲ್ಲಿದ್ದರು. ೧೧ ಮಂದಿ ಮಡಿದರು. ಮಲಗಿರುವವನಿಗೆ ಹೊಗೆಯ ವಾಸನೆಯು ಎಚ್ಚರಿಕೆಯನ್ನು ಕೊಡುವುದೆಂದು ನಂಬುವಂತಿಲ್ಲ. ಪರಸ್ಥಳದ ಕಟ್ಟಡದಲ್ಲಿ ಕತ್ತಲೆಯಲ್ಲಿ ಮೆಟ್ಟಿಲು ಎಲ್ಲಿದೆಯೆಂಬುದು ಅವನಿಗೆ ತಿಳಿದಿರುವುದಿಲ್ಲ. ಈ ದುರಂತದ ಬೆನ್ನಿನಲ್ಲಿಯೇ ೧೯೭೧ರ ಅಗ್ನಿಮುನ್ನೆಚ್ಚರಿಕೆಯ ಶಾಸನವು ಬಂದಿತು; ಹೋಟೆಲುಗಳೂ ವಸತಿಗೃಹಗಳೂ ಅದರ ಕಟ್ಟಿಗೆ ಮೊದಲು ಒಳಪಟ್ಟವು.

ಇಂಗ್ಲೆಂಡಿನ ಅಗ್ನಿಶಾಸನಗಳೆಲ್ಲವೂ ಬಹುಮಟ್ಟಿಗೆ ಹೀಗೆಯೇ ಹುಟ್ಟಿದವು. ೧೬೬೬ರ ಲಂಡನ್ ಮಹಾಗ್ನಿಯಲ್ಲಿ ಸುಮಾರು ೧೩,೨೦೦ ಮನೆಗಳು ಸುಟ್ಟುಹೋದ ಮೇಲೆ, ಮರದ ಗೋಡೆಗಳನ್ನು ಬಿಟ್ಟು ಇಟ್ಟಿಗೆ ಕಲ್ಲುಗಳಿಂದ ಕಟ್ಟಬೇಕೆಂಬ ನಿಯಮವು ಮರುವರ್ಷವೇ ಬಂದಿತು. ೧೯೫೬ರಲ್ಲಿ ಕೀಲಿಯ ಗಿರಣಿಯೊಂದರಲ್ಲಿ ೮ ಮಂದಿ ಮಡಿದುದು ೧೯೫೯ರ ಕಾರ್ಖಾನೆ ಶಾಸನಕ್ಕೂ, ೧೯೬೦ರಲ್ಲಿ ಲಿವರ್‌ಪೂಲಿನ ದೊಡ್ಡ ಅಂಗಡಿಯೊಂದರಲ್ಲಿ ೧೧ ಮಂದಿ ಮಡಿದುದು ೧೯೬೩ರ ಕಛೇರಿ ಮತ್ತು ಅಂಗಡಿಗಳ ಶಾಸನಕ್ಕೂ ದಾರಿ ಮಾಡಿದವು. ಒಂದೊಂದು ಶಾಸನದ ಹಿಂದೆಯೂ ಒಂದೊಂದು ಚಿತೆಯಿದೆ. ಬೆಂಕಿ ಬಿದ್ದ ಮೇಲೆಯೇ ಬಾವಿ ತೋಡಿದರೆಂದು ಇದರ ಅರ್ಥ.

೧೯೭೧ರ ಪದ್ಧತಿಯಲ್ಲಿ ಅಗ್ನಿಶಾಮಕ ಅಧಿಕಾರಿಯು ಕಟ್ಟಡವನ್ನು ಪರೀಕ್ಷಿಸಿ, ಹೊರದಾರಿಗಳೂ ಎಚ್ಚರಿಕೆಯ ಗಂಟೆಯೂ ಸರಿಯಾಗಿದ್ದರೆ ಪ್ರಮಾಣಪತ್ರವೊಂದನ್ನು ಕೊಡುತ್ತಿದ್ದನು. ಇದು ಉಪಯುಕ್ತವಾದ ಪದ್ಧತಿಯೇ ಸರಿ. ಆದರೆ ಅದರಲ್ಲಿ ಎರಡು ಕೊರತೆಗಳಿದ್ದವು. ಪ್ರಮಾಣಪತ್ರವು ಪರೀಕ್ಷೆ ನಡೆದ ದಿನದ ಸ್ಥಿತಿಯನ್ನು ಹೇಳುವುದೇ ಹೊರತು ಇಂದಿನ ಸ್ಥಿತಿಯನ್ನಲ್ಲ. ಅಧಿಕಾರಿಯು ಹೊರಟುಹೋದ ಮಾರನೆಯ ದಿನ ಹೊರದಾರಿಯಲ್ಲಿ ಪೆಟ್ಟಿಗೆಗಳನ್ನು ಪೇರಿಸಿಟ್ಟರೂ ಗೋಡೆಯ ಮೇಲಣ ಪತ್ರವು ಬದಲಾಗುವುದಿಲ್ಲ. ಎರಡನೆಯದಾಗಿ, ಎಚ್ಚರವು ಅಧಿಕಾರಿಯ ಕೆಲಸ, ತನ್ನದು ಪತ್ರವನ್ನು ಪಡೆಯುವುದಷ್ಟೇ ಎಂಬ ಭಾವನೆಯು ಒಡೆಯನಲ್ಲಿ ಬೇರೂರುವುದು ಸಹಜ. ೧೯೯೭ರ ಕಾರ್ಯಸ್ಥಳಗಳ ನಿಯಮಗಳು ಮಾಲೀಕನೇ ತನ್ನ ಸ್ಥಳದ ಅಪಾಯವನ್ನು ಪರಿಶೀಲಿಸಬೇಕೆಂಬ ತತ್ತ್ವವನ್ನು ತಂದವು. ೨೦೦೫ರಲ್ಲಿ ಹೊರಟು ೨೦೦೬ನೆಯ ಅಕ್ಟೋಬರ್ ೧ರಿಂದ ಜಾರಿಗೆ ಬಂದ ಅಗ್ನಿಸುರಕ್ಷತೆಯ ಆಜ್ಞೆಯು ಪ್ರಮಾಣಪತ್ರಗಳನ್ನೇ ತೆಗೆದುಹಾಕಿ, ಆ ತತ್ತ್ವವನ್ನು ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಒಂಟಿ ಸಂಸಾರದ ಮನೆಗಳನ್ನು ಬಿಟ್ಟು ಉಳಿದ ಕಟ್ಟಡಗಳಲ್ಲಿ ಹೆಚ್ಚುಕಡಮೆ ಎಲ್ಲಕ್ಕೂ ವಿಸ್ತರಿಸಿತು.

ಈ ಆಜ್ಞೆಯ ಮೂರು ಶಬ್ದಗಳು ವಿಚಾರಾರ್ಹವಾದುವು. ಮೊದಲನೆಯದು 'ಹೊಣೆಗಾರ'. ಕಾರ್ಯಸ್ಥಳದಲ್ಲಿ ಅದು ಸ್ವಲ್ಪಮಟ್ಟಿಗಾದರೂ ತನ್ನ ಹತೋಟಿಯಲ್ಲಿರುವ ಉದ್ಯೋಗದಾತನು ಹೊಣೆಗಾರನು. ಇತರ ಕಡೆಗಳಲ್ಲಿ ವ್ಯಾಪಾರಕ್ಕಾಗಿ ಸ್ಥಳವನ್ನು ಹತೋಟಿಯಲ್ಲಿಟ್ಟುಕೊಂಡವನು. ಅವನೂ ಇಲ್ಲದಿದ್ದರೆ ಒಡೆಯನು. ಕೆಳಗೆ ಅಂಗಡಿಯೂ ಮೇಲೆ ಬಾಡಿಗೆಯ ಮನೆಗಳೂ ಇರುವ ಕಟ್ಟಡದಲ್ಲಿ ಇಬ್ಬರು ಮೂವರು ಹೊಣೆಗಾರರಿರಬಹುದು. ಅವರು ಪರಸ್ಪರ ಸಹಕರಿಸಬೇಕೆಂದೂ ವಿಧಿಯಿದೆ. ಹೊಣೆಯು ಹಂಚಿಹೋಗಿ ಯಾರ ಪಾಲಿಗೂ ಸೇರದಂತಾಗಬಾರದೆಂಬುದೇ ಇದರ ಆಶಯ.

ಎರಡನೆಯದು 'ಅಪಾಯ'. ಇಂಗ್ಲಿಷಿನಲ್ಲಿ ಹಜಾರ್ಡ್ ಎಂದೂ ರಿಸ್ಕ್ ಎಂದೂ ಎರಡು ಶಬ್ದಗಳು ನಡೆಯುತ್ತವೆ. ನಾವು ಎರಡನ್ನೂ ಅಪಾಯವೆಂದೇ ಹೇಳಿಬಿಡುವುದರಿಂದ ವಿಷಯವು ಮಸಕಾಗುವುದು. ಕೇಡನ್ನು ಉಂಟುಮಾಡಬಲ್ಲ ವಸ್ತುವು ಮೊದಲನೆಯದು. ಆ ಕೇಡು ಒದಗುವ ಸಂಭವವೂ ಒದಗಿದರೆ ಆಗುವ ಹಾನಿಯ ಪ್ರಮಾಣವೂ ಕೂಡಿ ಎರಡನೆಯದು. ಒಂದನ್ನು ಅಪಾಯಮೂಲವೆಂದೂ ಇನ್ನೊಂದನ್ನು ಅಪಾಯಸಂಭವವೆಂದೂ ಕರೆಯಬಹುದು. ಅಡಿಗೆಮನೆಯ ಎಣ್ಣೆಯ ಬಾಣಲೆಯು ಎಲ್ಲಿದ್ದರೂ ಅಪಾಯಮೂಲವೇ. ಆದರೆ ಅದರ ಹತ್ತಿರ ಎಚ್ಚರವಿರುವ ಒಬ್ಬ ಬಾಣಸಿಗನೂ ಎರಡು ಬಾಗಿಲುಗಳೂ ಇದ್ದರೆ ಸಂಭವವು ಅಲ್ಪ. ಅದರ ಮೇಲಣ ಕೋಣೆಯಲ್ಲಿ ನಡೆಯಲಾರದ ಮುದುಕಿಯೊಬ್ಬಳು ಮಲಗಿದ್ದರೆ ಬಹಳ. ವಸ್ತು ಒಂದೇ, ಮನುಷ್ಯರು ಬೇರೆ.

ಮೂರನೆಯದು, ಪರಿಶೀಲನೆಯು 'ಯುಕ್ತವೂ ಪರ್ಯಾಪ್ತವೂ' ಆಗಿರಬೇಕೆಂಬ ವಿಶೇಷಣ. ಎಷ್ಟು ಮೊಳ, ಎಷ್ಟು ಗಂಟೆ ಎಂಬ ಲೆಕ್ಕವನ್ನು ಕೊಡದೆ, ಈ ಕಟ್ಟಡಕ್ಕೆ, ಈ ಜನಕ್ಕೆ ಸಾಕಾದಷ್ಟು ಎಂದು ಶಾಸನವು ಹೇಳುವುದು. ಒಂದು ಕಟ್ಟಡಕ್ಕೆ ಬರೆದುದನ್ನು ಹೆಸರು ಬದಲಾಯಿಸಿ ಇನ್ನೊಂದಕ್ಕೆ ಹಚ್ಚಿದರೆ ಅದು ಯುಕ್ತವೂ ಅಲ್ಲ, ಪರ್ಯಾಪ್ತವೂ ಅಲ್ಲ.

ಪರಿಶೀಲನೆಯ ಕ್ರಮವನ್ನು ಸರ್ಕಾರದ ಮಾರ್ಗದರ್ಶಕ ಗ್ರಂಥಗಳು ಐದು ಹೆಜ್ಜೆಗಳಾಗಿ ವಿಂಗಡಿಸಿವೆ. ಎಸೆಕ್ಸಿನ ಹಳೆಯ ಪೇಟೆಯೊಂದರಲ್ಲಿ ಕೆಳಗೆ ಉಪಾಹಾರಗೃಹವೂ ಮೇಲೆ ಬಾಡಿಗೆಯ ಕೋಣೆಗಳೂ ಇರುವ ಮರದ ಚೌಕಟ್ಟಿನ ಕಟ್ಟಡವೊಂದನ್ನು ಊಹಿಸಿಕೊಳ್ಳೋಣ. ಮೊದಲನೆಯ ಹೆಜ್ಜೆಯಲ್ಲಿ ಅಪಾಯಮೂಲಗಳನ್ನು ಗುರುತಿಸಬೇಕು. ಬೆಂಕಿಗೆ ಉರುವಲು, ಕಿಡಿ, ಗಾಳಿ ಈ ಮೂರೂ ಬೇಕು. ಎಣ್ಣೆ, ಪರದೆ, ರಟ್ಟಿನ ಪೆಟ್ಟಿಗೆಗಳು ಉರುವಲು. ಒಲೆ, ಹಳೆಯ ವಿದ್ಯುತ್ತಂತಿ, ಸಿಗರೇಟು ಇವು ಕಿಡಿ. ಗಾಳಿಯಂತೂ ಎಲ್ಲೆಲ್ಲಿಯೂ ಇದ್ದೇ ಇದೆ. ಎರಡನೆಯದರಲ್ಲಿ ಅಪಾಯಕ್ಕೆ ಈಡಾಗುವ ಜನರನ್ನು ಎಣಿಸಬೇಕು: ಮಲಗುವವರು, ಮಕ್ಕಳು, ವೃದ್ಧರು, ಕಿವಿ ಕೇಳದವರು, ಊರಿಗೆ ಹೊಸಬರು, ರಾತ್ರಿ ಒಂಟಿಯಾಗಿ ಕೆಲಸ ಮಾಡುವವರು. ಮೂರನೆಯದರಲ್ಲಿ ಅಪಾಯವನ್ನು ತೂಗಿ, ತೆಗೆಯಬಹುದಾದುದನ್ನು ತೆಗೆದು, ತಗ್ಗಿಸಬಹುದಾದುದನ್ನು ತಗ್ಗಿಸಿ, ಉಳಿದುದರಿಂದ ಜನರನ್ನು ಕಾಯುವ ಏರ್ಪಾಡನ್ನು ಮಾಡಬೇಕು. ನಾಲ್ಕನೆಯದರಲ್ಲಿ ಕಂಡುದನ್ನು ಬರೆದಿಟ್ಟು, ಅಪತ್ಕಾಲದ ಯೋಜನೆಯನ್ನು ರಚಿಸಿ, ನೌಕರರಿಗೆ ಶಿಕ್ಷಣ ಕೊಡಬೇಕು. ಐದನೆಯದು ಪುನರ್ವಿಮರ್ಶೆ, ಒಲೆಯು ಬದಲಾದರೆ, ಗೋಡೆಯೊಂದು ಹೋದರೆ, ಬಾಡಿಗೆದಾರರು ಹೆಚ್ಚಾದರೆ, ಪುಸ್ತಕವನ್ನು ಮತ್ತೆ ತೆರೆಯಬೇಕು.

ಇವುಗಳಲ್ಲಿ ಮೂರನೆಯ ಹೆಜ್ಜೆಯೇ ಕಷ್ಟವಾದುದು. ಹಳೆಯ ಮರದ ಮನೆಯಲ್ಲಿ ಗಾರೆಯ ಹಿಂದೆಯೂ ಹಲಗೆಯ ಕೆಳಗೂ ಕಣ್ಣಿಗೆ ಬೀಳದ ಪೊಳ್ಳುಗಳಿರುವುವು. ಕೆಳಗಣ ಬೆಂಕಿಯು ಅವುಗಳೊಳಗೆ ಹರಿದು, ಕೋಣೆಯಲ್ಲಿ ಹೊಗೆ ಕಾಣುವುದಕ್ಕೆ ಮೊದಲೇ ಮಾಡನ್ನು ಸೇರಬಹುದು. ಆದುದರಿಂದ ಕಟ್ಟಡವನ್ನು ನೋಡುವವನು ಕಾಣುವುದನ್ನು ಮಾತ್ರವಲ್ಲದೆ ಕಾಣದುದನ್ನೂ ಕೇಳಿ ತಿಳಿಯಬೇಕು. ಬೆಂಕಿಯನ್ನು ೩೦ ನಿಮಿಷ ತಡೆಯಬಲ್ಲ ಬಾಗಿಲು, ಅದು ತಾನಾಗಿ ಮುಚ್ಚಿಕೊಂಡರೆ ಮಾತ್ರ ಪ್ರಯೋಜನಕ್ಕೆ ಬರುವುದು. ಗಾಳಿ ಬರಲೆಂದು ಮರದ ತುಂಡನ್ನು ಸಿಕ್ಕಿಸಿ ತೆರೆದಿಟ್ಟ ಬಾಗಿಲು ಬಾಗಿಲೇ ಅಲ್ಲ.

ಹಲವು ಮನೆಗಳಿರುವ ಎತ್ತರದ ಕಟ್ಟಡಗಳಲ್ಲಿ ವಿಚಾರವು ಬೇರೆ. ಅಲ್ಲಿ ಒಂದೊಂದು ಮನೆಯೂ ಬೆಂಕಿಯನ್ನು ತನ್ನಲ್ಲಿಯೇ ತಡೆದಿಡುವ ಪೆಟ್ಟಿಗೆಯೆಂದು ಭಾವಿಸಿ ಕಟ್ಟಿರುವರು. ಆದ್ದರಿಂದ ಬೇರೆ ಮನೆಗೆ ಬೆಂಕಿ ಹತ್ತಿದರೆ ಉಳಿದವರು ಒಳಗೇ ಇರುವುದು ಕ್ಷೇಮವೆಂಬ ಉಪದೇಶವಿದ್ದಿತು. ಆ ಪೆಟ್ಟಿಗೆಯು ಒಡೆದರೆ ಉಪದೇಶವೇ ಮೃತ್ಯುವಾಗುವುದು. ೨೦೦೯ನೆಯ ಜುಲೈ ೩ರಂದು ಲಂಡನ್ನಿನ ಲಕನಲ್ ಹೌಸಿನಲ್ಲಿ ೬ ಮಂದಿ ಮಡಿದರು. ಅದರ ಒಡೆತನವುಳ್ಳ ಸದಕ್ ಪೌರಸಭೆಯು ಯುಕ್ತವಾದ ಪರಿಶೀಲನೆಯನ್ನು ಮಾಡಿಸಿರಲಿಲ್ಲವೆಂದು ೨೦೧೭ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ೨,೭೦,೦೦೦ ಪೌಂಡುಗಳ ದಂಡವನ್ನು ತೆತ್ತಿತು. ಅದೇ ವರ್ಷದ ಜೂನ್ ೧೪ರಂದು ಗ್ರೆನ್‌ಫೆಲ್ ಟವರಿನಲ್ಲಿ ಬೆಂಕಿಯು ಹೊರಗೋಡೆಯ ಹೊದಿಕೆಯನ್ನು ಹಿಡಿದು ಮೇಲೇರಿ ೭೨ ಮಂದಿಯನ್ನು ಆಹುತಿ ತೆಗೆದುಕೊಂಡಿತು. ಆ ಕಟ್ಟಡಕ್ಕೆ ಪರಿಶೀಲನೆಯ ಬರಹಗಳು ಇದ್ದುವು. ಬರಹವಿಲ್ಲದಿರುವುದು ಒಂದು ಕೇಡು. ಬರಹವಿದ್ದೂ ಕಣ್ಣಿಲ್ಲದಿರುವುದು ಇನ್ನೊಂದು ಎಂಬುದನ್ನು ಈ ಎರಡು ದುರಂತಗಳು ಜೊತೆಯಾಗಿ ಕಲಿಸುತ್ತವೆ.

ತರುವಾಯದ ಶಾಸನಗಳು ಈ ಪಾಠವನ್ನು ಅನುಸರಿಸಿದವು. ಹಲವು ಮನೆಗಳಿರುವ ಕಟ್ಟಡಗಳ ಹೊರಗೋಡೆಯೂ ಪ್ರತಿ ಮನೆಯ ಮುಂಬಾಗಿಲೂ ಪರಿಶೀಲನೆಗೆ ಸೇರಿದುವೆಂದು ೨೦೨೧ರ ಶಾಸನವು ಸ್ಪಷ್ಟಪಡಿಸಿತು. ೨೦೨೩ನೆಯ ಜನವರಿ ೨೩ರಿಂದ, ೧೧ ಮೀಟರಿಗಿಂತ ಎತ್ತರವಾದ ವಸತಿಕಟ್ಟಡಗಳಲ್ಲಿ ಸಾರ್ವಜನಿಕ ಮೊಗಸಾಲೆಗಳ ಅಗ್ನಿನಿರೋಧಕ ಬಾಗಿಲುಗಳನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸುವುದು ವಿಧಿಯಾಯಿತು. ಮೊದಲು ಐದು ಅಥವಾ ಹೆಚ್ಚು ನೌಕರರಿದ್ದವರೇ ಮೊದಲಾಗಿ ಕೆಲವರು ಮಾತ್ರ, ಅದೂ ಮುಖ್ಯಾಂಶಗಳನ್ನಷ್ಟೇ ಬರೆದಿಡಬೇಕಾಗಿತ್ತು. ೨೦೨೩ನೆಯ ಅಕ್ಟೋಬರ್ ೧ರಿಂದ ಪ್ರತಿಯೊಬ್ಬ ಹೊಣೆಗಾರನೂ ಪರಿಶೀಲನೆಯನ್ನು ಪೂರ್ಣವಾಗಿ ಬರೆದಿಡತಕ್ಕದ್ದು. ಒಂದೆರಡು ಕಟ್ಟಡಗಳನ್ನು ಬಾಡಿಗೆಗೆ ಕೊಟ್ಟು ಜೀವಿಸುವ ಸಣ್ಣ ಒಡೆಯನಿಗೂ ಈಗ ವಿನಾಯಿತಿಯಿಲ್ಲ. ಪರಿಶೀಲಕರ ಯೋಗ್ಯತೆಯನ್ನು ಕಡ್ಡಾಯವಾಗಿ ಪ್ರಮಾಣೀಕರಿಸಬೇಕೆಂದು ಗ್ರೆನ್‌ಫೆಲ್ ವಿಚಾರಣಾ ಮಂಡಲಿಯು ೨೦೨೪ರ ವರದಿಯಲ್ಲಿ ಸಲಹೆ ಮಾಡಿತು.

ಎಸೆಕ್ಸಿನಲ್ಲಿ ಈ ವಿಧಿಗಳನ್ನು ನಡೆಯಿಸುವ ಭಾರವು ಬಹುಮಟ್ಟಿಗೆ ಕೌಂಟಿಯ ಅಗ್ನಿಶಾಮಕ ಸೇವೆಯ ಮೇಲಿದೆ. ಅದರ ಅಧಿಕಾರಿಗಳು ಕೊರತೆಗಳನ್ನು ತಿದ್ದುವಂತೆ ನೋಟೀಸು ಕೊಡಬಹುದು. ಅಪಾಯವು ಘೋರವಾಗಿದ್ದರೆ ಕಟ್ಟಡದ ಉಪಯೋಗವನ್ನೇ ನಿಲ್ಲಿಸಬಹುದು. ಜೀವಕ್ಕೆ ಕುತ್ತು ತರುವಂಥ ಉಲ್ಲಂಘನೆಗೆ ಮಿತಿಯಿಲ್ಲದ ದಂಡವೂ ಎರಡು ವರ್ಷಗಳವರೆಗಿನ ಸೆರೆಯೂ ಉಂಟು. ಆದರೆ ಅಧಿಕಾರಿಯು ನೆರೆಮನೆಯಲ್ಲಿ ಕುಳಿತಿರುವುದಿಲ್ಲ. ರಾತ್ರಿ ಬಾಗಿಲಿನ ಕೆಳಗಣ ಮರದ ತುಂಡನ್ನು ತೆಗೆಯತಕ್ಕವನು ಆ ಮನೆಯವನೇ.

ಪ್ರಮಾಣಪತ್ರದ ಕಾಲದಿಂದ ಪರಿಶೀಲನೆಯ ಕಾಲಕ್ಕೆ ಬಂದುದೆಂದರೆ, ಬಾವಿಯಿದೆಯೆಂಬ ಚೀಟಿಯನ್ನು ಬಿಟ್ಟು ಬಾವಿಯನ್ನು ಬಗ್ಗಿ ನೋಡುವ ಅಭ್ಯಾಸಕ್ಕೆ ಬಂದುದೆಂದು ಅರ್ಥ. ಆ ಅಭ್ಯಾಸವು ಬಿಟ್ಟುಹೋದರೆ ಪರಿಶೀಲನೆಯ ಬರಹವೂ ಮತ್ತೊಂದು ಚೀಟಿಯಾಗುವುದು. ಸ್ಯಾಫ್ರನ್ ವಾಲ್ಡನ್ನಿನಲ್ಲಿ ಆ ರಾತ್ರಿ ಮಲಗಿದ್ದ ಹನ್ನೊಂದು ಮಂದಿಗೆ ಬೇಕಾಗಿದ್ದುದು ಕಾಗದವಲ್ಲ. ತಾವು ಮಲಗಿರುವಾಗ ತಮ್ಮನ್ನು ನೆನೆದ ಒಬ್ಬನ ಎಚ್ಚರ.