ಕೊಟ್ಟ ಪ್ಲೇಟ್‌ಲೆಟ್ ಎಲ್ಲಿ ಹೋಯಿತು?

ಮಳೆಗಾಲ ಬಂದಿತೆಂದರೆ ಮೈಸೂರಿನ ಬೀದಿಬೀದಿಗಳಲ್ಲಿ ಡೆಂಗಿಯ ಮಾತು. "ಅವರ ಮಗನಿಗೆ ಬಿಳಿ ರಕ್ತಕಣ ಇಳಿದುಹೋಗಿದೆಯಂತೆ" ಎಂದು ನೆರೆಯವರು ಆಡಿಕೊಳ್ಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಅವರ ಮನಸ್ಸಿನಲ್ಲಿರುವುದು ಬಿಳಿ ಕಣವಲ್ಲ, ಪ್ಲೇಟ್‌ಲೆಟ್. ಎರಡೂ ಬೇರೆ ಬೇರೆ. ಈ ಭೇದ ಮುಂದೆ ನಮಗೆ ಬೇಕಾಗುವುದು.

ಕೆಂಪು ಕಣಕ್ಕಿಂತ ಚಿಕ್ಕದಾದ, ಬಿಲ್ಲೆಯಾಕಾರದ ತುಣುಕೇ ಪ್ಲೇಟ್‌ಲೆಟ್. ರಕ್ತನಾಳ ಹರಿದೆಡೆ ಅಂಟಿಕೊಂಡು ರಕ್ತ ಸೋರದಂತೆ ತಡೆಯುವುದು ಅದರ ಕಾರ್ಯ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸುಮಾರು 1,50,000ದಿಂದ 4,50,000ದವರೆಗೆ ಇರುತ್ತವೆ. ಡೆಂಗಿಯಲ್ಲಿ ಇಳಿದ ಎಣಿಕೆ ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ. ರಕ್ತದ ಕ್ಯಾನ್ಸರ್ ಆದವರ ಪಾಡು ಹಾಗಲ್ಲ. ಅವರಲ್ಲಿ ಅನೇಕರಿಗೆ ವಾರಗಟ್ಟಲೆ ಪರರ ಪ್ಲೇಟ್‌ಲೆಟ್ ಬೇಕು. ಮೊದಮೊದಲು ಎಣಿಕೆ ಏರುತ್ತದೆ. ಆಮೇಲೆ ಕೆಲವರಲ್ಲಿ, ಚೀಲ ಪೂರ್ತಿ ಬರಿದಾದರೂ, ಎಣಿಕೆ ಇದ್ದಲ್ಲಿಯೇ ನಿಲ್ಲುತ್ತದೆ. ಕೊಟ್ಟದ್ದು ಎಲ್ಲಿ ಹೋಯಿತು?

ಉತ್ತರದ ಮೊದಲ ಎಳೆ ದೊರೆತದ್ದು ಒಂದು ಸಾಹಸದಿಂದ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಲಿಯಂ ಹ್ಯಾರಿಂಗ್ಟನ್ ಎಂಬ ತರುಣ ವೈದ್ಯರು, ಪ್ಲೇಟ್‌ಲೆಟ್ ನಶಿಸುವ ರೋಗವಿದ್ದ ಒಬ್ಬರ ರಕ್ತವನ್ನು ತಮ್ಮ ಮೈಗೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ಎಣಿಕೆ ಅಪಾಯದ ಮಟ್ಟಕ್ಕೆ ಕುಸಿಯಿತು. ಚೇತರಿಕೆಗೆ ದಿನಗಳೇ ಹಿಡಿದವು. (ಇಂತಹ ಪ್ರಯೋಗವನ್ನು ಇಂದು ಯಾವ ಆಸ್ಪತ್ರೆಯೂ ಒಪ್ಪದು.) 1951ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಪ್ಲೇಟ್‌ಲೆಟ್‌ಗಳನ್ನು ಕೊಲ್ಲುವ ವಸ್ತು ರಕ್ತದಲ್ಲಿಯೇ ಹರಿದಾಡುವುದೆಂದು ತಿಳಿಯಿತು. ಅದೇ ಪ್ರತಿಕಾಯ: ರೋಗಾಣುಗಳನ್ನು ಎದುರಿಸಲೆಂದು ದೇಹ ತಯಾರಿಸುವ ಆಯುಧ. ಆ ರೋಗದಲ್ಲಿ ಅದು ಸ್ವಂತ ಪ್ಲೇಟ್‌ಲೆಟ್‌ಗಳ ಮೇಲೆ ಬೀಳುತ್ತದೆ. ನಾವು ಹೇಳುತ್ತಿರುವ ರೋಗಿಯಲ್ಲಿ, ಪರರಿಂದ ಬಂದವುಗಳ ಮೇಲೆ.

ಪರರವೆಂದು ದೇಹಕ್ಕೆ ತಿಳಿಯುವುದು ಹೇಗೆ? 1958ರಲ್ಲಿ ಪ್ಯಾರಿಸ್ಸಿನ ಜಾನ್ ಡೊಸೆ, ಹಲವು ಬಾರಿ ರಕ್ತ ಪಡೆದವರಲ್ಲಿ ಪರರ ಬಿಳಿ ಕಣಗಳನ್ನು ಗುರುತಿಸುವ ಪ್ರತಿಕಾಯಗಳನ್ನು ಕುರಿತು ಬರೆದರು. ಇಂದು ಎಚ್‌ಎಲ್‌ಎ ಎನ್ನಿಸಿಕೊಳ್ಳುವ ಈ ಮೇಲ್ಮೈ ಗುರುತುಗಳ ಶೋಧಕ್ಕಾಗಿ ಅವರಿಗೆ 1980ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಪ್ಲೇಟ್‌ಲೆಟ್‌ಗಳ ಮೇಲೂ ಇವುಗಳಲ್ಲಿ ಕೆಲವು ಇವೆ. ಆದರೆ ವೈರವನ್ನು ಕಲಿಸುವುದು ಬಹುಮಟ್ಟಿಗೆ ಚೀಲದಲ್ಲಿ ಅವುಗಳೊಡನೆ ನುಸುಳಿ ಬರುವ ಬಿಳಿ ಕಣಗಳು! ಕಲಿತ ದೇಹ ಅದೇ ಗುರುತುಳ್ಳ ಪ್ಲೇಟ್‌ಲೆಟ್‌ಗಳನ್ನೂ ಬಿಡುವುದಿಲ್ಲ. 1997ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸೋಸದ ರಕ್ತಭಾಗಗಳನ್ನು ಪಡೆದ ಲ್ಯೂಕೀಮಿಯ ರೋಗಿಗಳಲ್ಲಿ ನೂರಕ್ಕೆ 45 ಮಂದಿಯಲ್ಲಿ ಇಂತಹ ಪ್ರತಿಕಾಯ ಹುಟ್ಟಿತು. ಬಿಳಿ ಕಣಗಳನ್ನು ಸೋಸಿ ಕೊಟ್ಟಾಗ 17–18 ಮಂದಿಯಲ್ಲಿ ಮಾತ್ರ.

ಪ್ಲೇಟ್‌ಲೆಟ್ ಕೊಟ್ಟ ಒಂದು ಗಂಟೆಯೊಳಗೆ ವೈದ್ಯರು ಮತ್ತೆ ಎಣಿಸುತ್ತಾರೆ. ಆಗಲೂ ಏರದಿದ್ದರೆ, ಅದೂ ಒಂದಕ್ಕಿಂತ ಹೆಚ್ಚು ಬಾರಿ ಹೀಗಾದರೆ, ಪ್ರತಿಕಾಯದ ಮೇಲೆ ಸಂಶಯ. ಏರಿ ಮರುದಿನ ಇಳಿದರೆ ಜ್ವರ, ಸೋಂಕು, ಊದಿದ ಗುಲ್ಮ ಇವುಗಳ ಕೈವಾಡವಿರಬಹುದು. ಪ್ರತಿಕಾಯವೇ ಎಂದಾದರೆ ಹೆಚ್ಚು ಚೀಲ ಸುರಿದು ಫಲವಿಲ್ಲ. ಗುರುತು ಹೊಂದುವ ದಾನಿ ಬೇಕು. ಒಡಹುಟ್ಟಿದವರಲ್ಲಿ ಪೂರ್ಣ ಹೊಂದಿಕೆಯ ಸಂಭವ ನಾಲ್ಕರಲ್ಲಿ ಒಂದು. ಆದರೆ ಅವರಿಂದಲೇ ಮುಂದೆ ಅಸ್ಥಿಮಜ್ಜೆ ಪಡೆಯಬೇಕಾಗಿದ್ದರೆ ಈಗ ಅವರ ರಕ್ತವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ದೇಹ ಆ ಗುರುತುಗಳನ್ನೂ ವೈರಿಯೆಂದು ಕಲಿತುಬಿಟ್ಟೀತು. ಆಗ ಹೊಂದುವವನು ಮಾನಸಗಂಗೋತ್ರಿಯ ಯಾವನೋ ಅಪರಿಚಿತ ವಿದ್ಯಾರ್ಥಿಯಾಗಿರಬಹುದು. ಅವನ ಪ್ಲೇಟ್‌ಲೆಟ್‌ಗಳನ್ನು 20ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸದಾ ಅಲುಗಾಡಿಸುತ್ತ ಸಾಮಾನ್ಯವಾಗಿ 5 ದಿನಗಳವರೆಗೆ ಮಾತ್ರ ಇಡಬಹುದು. ರೋಗಿಗೆ ಇನ್ನೂ ಬೇಕಾದರೆ ಅವನನ್ನೇ ಮತ್ತೆ ಕರೆಯಬೇಕು.