ನೆಲವನ್ನು ಸವೆಸುವವರು

ಸ್ಥಿರತೆಗೆ ಉಪಮಾನ ಬೇಕಾದಾಗ ನಾವು ಬೆಟ್ಟವನ್ನು ತೋರಿಸುತ್ತೇವೆ. ಭೂವಿಜ್ಞಾನಿ ಈ ಮಾತನ್ನು ಒಪ್ಪಲಾರನು. ಬೆಟ್ಟವೆಂಬುದು ಸಮುದ್ರದ ಕಡೆಗೆ ಹೊರಟು, ದಾರಿಯಲ್ಲಿ ತುಸು ತಂಗಿರುವ ಮಣ್ಣು ಎಂಬುದೇ ಅವನ ಮತ. ಅದನ್ನು ಸಾಗಿಸಲು ನಿಸರ್ಗದ ಬಳಿ ಆಳುಗಳು ಹಲವರಿದ್ದಾರೆ: ಮಳೆ, ಹೊಳೆ, ಗಾಳಿ, ಕಡಲು, ಹಿಮನದಿ, ಇವರೆಲ್ಲರ ಬೆಂಬಲಕ್ಕೆ ಗುರುತ್ವಾಕರ್ಷಣೆ. ಇವರಲ್ಲಿ ಎಲ್ಲರಿಗಿಂತ ಚುರುಕಾದವರು ಯಾರು?

ಕ್ಷಣದ ಲೆಕ್ಕ ಹಿಡಿದರೆ ಭೂಕುಸಿತವನ್ನು ಮೀರಿಸುವವರಿಲ್ಲ. 1911ರ ಫೆಬ್ರವರಿಯಲ್ಲಿ, ಇಂದು ತಾಜಿಕಿಸ್ತಾನಕ್ಕೆ ಸೇರಿರುವ ಪಾಮೀರ್ ಪ್ರದೇಶದಲ್ಲಿ, ಭೂಕಂಪದಿಂದ ಪರ್ವತದ ಪಕ್ಕೆಯೊಂದು ಕಳಚಿಬಿತ್ತು. ಸುಮಾರು 2 ಘನ ಕಿಲೋಮೀಟರಿನಷ್ಟು ಬಂಡೆ ಕಣಿವೆಗೆ ಉರುಳಿ ನದಿಯನ್ನೇ ಅಡ್ಡಗಟ್ಟಿತು. ಆಗ ಹುಟ್ಟಿದ ಸಾರೆಜ್ ಸರೋವರ ಇಂದಿಗೂ ಅಲ್ಲಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳೂ, 2024ರ ಜುಲೈ 30ರಂದು ವಯನಾಡಿನ ಗುಡ್ಡಗಳೂ ಜಾರಿದ ದುರಂತವನ್ನು ನಾವೇ ಕಂಡಿದ್ದೇವೆ. ಆದರೆ ಭೂಕುಸಿತ ನಿತ್ಯದ ಕೆಲಸಗಾರನಲ್ಲ. ಒಮ್ಮೆ ಬಂದು ಹೋದರೆ ಅದೇ ಜಾಗಕ್ಕೆ ಮತ್ತೆ ಬರಲು ಶತಮಾನಗಳೇ ಆಗಬಹುದು.

ಕಡಲು ಹಾಗಲ್ಲ, ಅದಕ್ಕೆ ಬಿಡುವೆಂಬುದಿಲ್ಲ. ಇಂಗ್ಲೆಂಡಿನ ಪೂರ್ವತೀರದ ಹೋಲ್ಡರ್ನೆಸ್ ಎಂಬ ಸೀಮೆಯಲ್ಲಿ ಅಲೆಗಳು ವರ್ಷಕ್ಕೆ ಸುಮಾರು 2 ಮೀಟರಿನಷ್ಟು ದಡವನ್ನು ನುಂಗುತ್ತಿವೆ. ರೋಮನರ ಕಾಲದಿಂದೀಚೆಗೆ ಎಷ್ಟೋ ಊರುಗಳು ಅಲ್ಲಿ ಕಡಲ ಪಾಲಾಗಿವೆ. ಆ ದಡ ಹಿಮಯುಗದಲ್ಲಿ ಬಂದು ಬಿದ್ದ ಮೆತ್ತನೆಯ ಜೇಡಿಮಣ್ಣಿನದು. ಅದೇ ಅಲೆ ಗ್ರಾನೈಟಿನ ಬಂಡೆಗೆ ಬಡಿದರೆ ಒಂದು ತಲೆಮಾರಿನಲ್ಲಿ ಕಣ್ಣಿಗೆ ಕಾಣುವಂಥ ಬದಲಾವಣೆಯೇ ಆಗದಿರಬಹುದು. ನಯಾಗರಾ ಜಲಪಾತದ್ದೂ ಇದೇ ಕಥೆ. ಮೇಲೆ ಗಟ್ಟಿಯಾದ ಸುಣ್ಣಶಿಲೆ, ಕೆಳಗೆ ಮೃದುವಾದ ಜೇಡಿಶಿಲೆ. ಕೆಳಗಿನದು ಕೊರೆದುಹೋದಂತೆ ಮೇಲಿನದು ಆಸರೆ ತಪ್ಪಿ ಬೀಳುತ್ತದೆ. ಹೀಗೆ ಬಿದ್ದು ಬಿದ್ದು ಜಲಪಾತವು ಸುಮಾರು 12,000 ವರ್ಷಗಳಲ್ಲಿ 11 ಕಿಲೋಮೀಟರು ಹಿಂದೆ ಸರಿದಿದೆ. ಎಂದಮೇಲೆ ಕಡಿಯುವವನ ಬಲವೊಂದನ್ನೇ ನೋಡಿದರೆ ಸಾಲದು, ಕಡಿಸಿಕೊಳ್ಳುವ ಕಲ್ಲಿನ ಗುಣವನ್ನೂ ನೋಡಬೇಕು.

ಎಲ್ಲರ ಕೆಲಸವನ್ನೂ ಒಂದೇ ಅಳತೆಗೋಲಿನಿಂದ ಅಳೆಯುವ ಉಪಾಯವೊಂದಿದೆ. ನೆಲದ ಮಟ್ಟ ಸರಾಸರಿ ವರ್ಷಕ್ಕೆ ಎಷ್ಟು ತಗ್ಗಿತೆಂದು ನೋಡುವುದೇ ಆ ಉಪಾಯ. ಅಲಾಸ್ಕಾದ ಕೆಲವು ಹಿಮನದಿಗಳು ತಮ್ಮ ಅಡಿಯ ಶಿಲೆಯನ್ನು ವರ್ಷಕ್ಕೆ 10 ಮಿಲಿಮೀಟರಿನವರೆಗೆ ಅರೆಯುತ್ತವೆ. ಹಿಮನದಿಗೆ ಹೊಳೆ ಸಾಟಿಯಲ್ಲವೆಂದು ಬಹುಕಾಲ ನಂಬಲಾಗಿತ್ತು. 2009ರಲ್ಲಿ ಪ್ರಕಟವಾದ ಒಂದು ಪರಿಶೀಲನೆ, ಎಳೆಯ ಪರ್ವತಗಳಿಂದ ಧುಮುಕುವ ನದಿಗಳೂ ಅಷ್ಟೇ ವೇಗದಲ್ಲಿ ಕೊರೆಯಬಲ್ಲವೆಂದು ತೋರಿಸಿತು. ಗಂಗಾ ಬ್ರಹ್ಮಪುತ್ರಗಳು ವರ್ಷಕ್ಕೆ ಸುಮಾರು ನೂರು ಕೋಟಿ ಟನ್ನು ಮೆಕ್ಕಲನ್ನು ಹೊತ್ತು ತರುವುದು ಸುಮ್ಮನೆ ಅಲ್ಲ. ಇತ್ತ ನಮ್ಮ ಮೈಸೂರು ಪ್ರಸ್ಥಭೂಮಿ ಮುದಿನೆಲ. ಅಲ್ಲಿ ಸಹಜವಾದ ಸವೆತ ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರು ಮಾತ್ರ.

ಈ ಪಟ್ಟಿಯಲ್ಲಿ ಇನ್ನೊಬ್ಬನ ಹೆಸರು ಸೇರಬೇಕು. ಅವನು ನೇಗಿಲು ಹಿಡಿದ ಮನುಷ್ಯ. ಹುಲ್ಲುಗಾವಲನ್ನು ಮಿತಿಯಿಲ್ಲದೆ ಉತ್ತ ಅಮೆರಿಕದ ಬಯಲುಸೀಮೆಯಲ್ಲಿ ಬರಗಾಲ ಬಂದಾಗ, ಕಲ್ಲನ್ನು ಸುಲಭವಾಗಿ ಕೊರೆಯಲಾರದ ಗಾಳಿಯೇ ಹೊಲಗಳನ್ನು ಎತ್ತಿಕೊಂಡು ಹೋಯಿತು. 1935ರ ಏಪ್ರಿಲ್ 14ರಂದು ಎದ್ದ ಧೂಳು ಹಗಲನ್ನು ಕತ್ತಲಾಗಿಸಿತು. ಆ ದಿನ ‘ಕರಾಳ ಭಾನುವಾರ’ವೆಂದೇ ಹೆಸರಾಯಿತು. ನಮ್ಮಲ್ಲಿ ಗಾಳಿಗಿಂತ ಮಳೆಯ ಭಯ ಹೆಚ್ಚು. ದಪ್ಪ ಹನಿಯೊಂದು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರು. ಬರಿಯ ನೆಲಕ್ಕೆ ಅದು ಬಡಿದರೆ ಮಣ್ಣಿನ ಕಣ ಸಿಡಿಯುತ್ತದೆ, ಹರಿಯುವ ನೀರು ಅದನ್ನು ಒಯ್ಯುತ್ತದೆ. ಭಾರತದಲ್ಲಿ ಹೀಗೆ ಸ್ಥಾನ ಬಿಡುವ ಮಣ್ಣು ಸರಾಸರಿ ಹೆಕ್ಟೇರಿಗೆ ವರ್ಷಕ್ಕೆ 16 ಟನ್ನು ಎಂದು 1983ರಲ್ಲಿ ಅಂದಾಜು ಮಾಡಲಾಯಿತು. ಹೊಲದ ಮೇಲೆ ಹರಡಿದರೆ ಇದು ಒಂದು ಮಿಲಿಮೀಟರಿನಷ್ಟು ಪದರ. ಒಕ್ಕಲಿಗನ ಕಣ್ಣಿಗೆ ಅದು ಕಾಣಿಸುವುದಿಲ್ಲ. ಆದರೆ ಹೊಸ ಮಣ್ಣು ಹುಟ್ಟುವುದು ಇದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ವೇಗದಲ್ಲಿ. ಒಂದು ವರ್ಷ ಕಳೆದುಕೊಂಡದ್ದನ್ನು ತುಂಬಿಕೊಡಲು ನೆಲಕ್ಕೆ ಹತ್ತು ವರ್ಷವೂ ಸಾಲದು.

ಹೋದ ಮಣ್ಣು ಎಲ್ಲಿಗೆ ಹೋಯಿತು? ತುಂಗಭದ್ರಾ ಜಲಾಶಯವನ್ನು ಕೇಳಿದರೆ ತಿಳಿದೀತು. 1953ರಲ್ಲಿ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಅಡಿ, 2016ರ ಅಳತೆಯಲ್ಲಿ ಸುಮಾರು 106. ನಡುವಿನ ವ್ಯತ್ಯಾಸವೆಲ್ಲ ಹೂಳು. ಮೇಲಿನ ಹೊಲಕ್ಕೆ ಮಣ್ಣು ನಷ್ಟ, ಕೆಳಗಿನ ಗದ್ದೆಗೆ ನೀರು ನಷ್ಟ. ಒಂದೇ ಸವೆತಕ್ಕೆ ಇಬ್ಬರು ರೈತರು ದಂಡ ತೆರುತ್ತಿದ್ದಾರೆ.

ಭೂಕುಸಿತವನ್ನೂ ಕಡಲನ್ನೂ ತಡೆದು ನಿಲ್ಲಿಸುವುದು ಕಷ್ಟಸಾಧ್ಯ. ಮಳೆಹನಿಯನ್ನು ಪಳಗಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಒಡ್ಡು ಹಾಕುವುದು, ಬದುವಿನ ಮೇಲೆ ಹುಲ್ಲು ಬೆಳೆಸುವುದು, ನೆಲವನ್ನು ಬರಿದಾಗಿ ಬಿಡದಿರುವುದು, ಇವು ಹಿರಿಯರಿಗೂ ಗೊತ್ತಿದ್ದ ಉಪಾಯಗಳೇ. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣೆಯ ಸಂಶೋಧನ ಕೇಂದ್ರ ಆರಂಭವಾದುದು ಇಂಥ ಕೆಲಸಕ್ಕಾಗಿಯೇ. ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ನಾವು ಉಳಿತಾಯಕ್ಕೆ ಹೇಳುತ್ತೇವೆ. ಅದು ನಷ್ಟಕ್ಕೂ ಅಷ್ಟೇ ಸಲ್ಲುತ್ತದೆ. ಮುಂಗಾರಿನ ಮೊದಲ ಮಳೆಯಲ್ಲಿ ಹಳ್ಳದ ನೀರು ಕೆಂಪಾಗಿ ಹರಿದರೆ, ಮೇಲೆ ಯಾವುದೋ ಹೊಲದ ಬದು ಒಡೆದಿದೆಯೆಂದೇ ತಿಳಿಯಬೇಕು.